ಪರೀಕ್ಷೆಯ ಹೊತ್ತಿನ ಸಮಾಧಾನ ಮತ್ತು ಹಿಂದೆ ನಿಂತವರ ಹೊಣೆ

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಎಸ್ಸೆಸ್ಸೆಲ್ಸಿ ಹಾಗೂ ಪಿಯುಸಿ ವಿದ್ಯಾರ್ಥಿಗಳಿಗಾಗಿ, ಅವರ ಹೆತ್ತವರಿಗಾಗಿ ರೋಣದಲ್ಲಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರೀಕ್ಷೆ ಹತ್ತಿರ ಬಂದಿದೆ. ಮಕ್ಕಳಿಗೆ ನಾಲ್ಕು ಮಾತು ಧೈರ್ಯ ಹೇಳಬೇಕು ಎಂದು ಈ ಸಭೆಗೆ ನಮ್ಮನ್ನು ಕರೆಯಲಾಗಿದೆ. ಧೈರ್ಯ ಹೇಳುವುದು ಬಹಳ ಸುಲಭದ ಕೆಲಸ. 'ಹೆದರಬೇಡ, ಚೆನ್ನಾಗಿ ಬರೆ' ಎಂದು ನಾವು ನೂರು ಸಲ ಹೇಳಬಹುದು. ಆದರೆ ಈ ಮಾತಿನಿಂದ ಯಾವುದಾದರೂ ಮಗುವಿನ ಹೆದರಿಕೆ ಹೋಗಿದೆಯೇ? ಹೋಗಿದ್ದನ್ನು ನಾವಂತೂ ಕಂಡಿಲ್ಲ. ಒತ್ತಡದ ಗಳಿಗೆಯಲ್ಲಿ ಒಬ್ಬನ ಮನಸ್ಸು ಶಾಂತವಾಗಿರುತ್ತದೆ, ಇನ್ನೊಬ್ಬನದು ಕದಡಿಹೋಗುತ್ತದೆ. ಇಬ್ಬರೂ ಓದಿರುತ್ತಾರೆ, ಇಬ್ಬರೂ ಬುದ್ಧಿವಂತರಾಗಿರುತ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಇಂದು ಈ ಪ್ರಶ್ನೆಯ ಬಗ್ಗೆ ಮಾತ್ರ ಮಾತಾಡಲು ಬಯಸುತ್ತೇವೆ.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13 ಸಾವಿರಕ್ಕೂ ಹೆಚ್ಚು. ಅದೇ ವರ್ಷ ಪರೀಕ್ಷೆಯಲ್ಲಿನ ಸೋಲೇ ಕಾರಣವೆಂದು ದಾಖಲಾದ ಸಾವುಗಳು 2 ಸಾವಿರಕ್ಕೂ ಅಧಿಕ. ಈ ಮಕ್ಕಳೆಲ್ಲ ಯಾವುದೋ ಮನೆಯಲ್ಲಿ ಬೆಳೆದವರು. ಅವರಿಗೂ 'ಹೆದರಬೇಡ' ಎಂದು ಯಾರಾದರೂ ಹೇಳಿಯೇ ಇರುತ್ತಾರೆ.

ಒಂದು ರಾತ್ರಿಯ ಪಾಠ

ಮೊದಲು ನಮ್ಮದೇ ಒಂದು ಸೋಲನ್ನು ಹೇಳಿಕೊಳ್ಳುತ್ತೇವೆ. ಕುರ್‌ಆನ್ ಕಂಠಪಾಠ ಮುಗಿಸಿದ ವರ್ಷ ಒಂದು ಸಣ್ಣ ಊರಿನ ಮಸೀದಿಯಲ್ಲಿ ರಮಝಾನಿನ ತರಾವೀಹ್ ನಮಾಝಿಗೆ ನಮ್ಮನ್ನು ನಿಲ್ಲಿಸಲಾಯಿತು. ಆಗ ವಯಸ್ಸು ಹದಿನಾಲ್ಕು. ಹತ್ತು ರಾತ್ರಿಗಳು ಚೆನ್ನಾಗಿಯೇ ಸಾಗಿದವು. ಹನ್ನೊಂದನೆಯ ರಾತ್ರಿ, ಚೆನ್ನಾಗಿ ಬರುತ್ತಿದ್ದ ಪುಟದಲ್ಲೇ ನಾಲಿಗೆ ನಿಂತುಬಿಟ್ಟಿತು. ಮುಂದಿನ ಶಬ್ದ ಬರಲಿಲ್ಲ. ಹಿಂದಿನ ಸಾಲುಗಳಿಂದ ಮೂರು ನಾಲ್ಕು ಮಂದಿ ಏಕಕಾಲಕ್ಕೆ ಹೇಳಿಕೊಡಲು ತೊಡಗಿದರು. ಒಬ್ಬರ ಧ್ವನಿ ಇನ್ನೊಬ್ಬರದರಲ್ಲಿ ಬೆರೆತು ತಲೆಯಲ್ಲಿ ಉಳಿದಿದ್ದದ್ದೂ ಹೋಯಿತು. ಆಗ ಮೊದಲ ಸಾಲಿನಲ್ಲಿ, ನಮ್ಮ ಬೆನ್ನ ಹಿಂದೆಯೇ ನಿಂತಿದ್ದ ನಮ್ಮ ಉಸ್ತಾದರು ಮೆಲುದನಿಯಲ್ಲಿ ಎರಡೇ ಎರಡು ಶಬ್ದ ಹೇಳಿದರು. ದಾರಿ ಸಿಕ್ಕಿತು, ಓದು ಮುಂದುವರಿಯಿತು.

ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, 'ಸರಿಯಾಗಿ ಬಾಯಿಪಾಠ ಆಗದ ಹುಡುಗನನ್ನು ಏಕೆ ನಿಲ್ಲಿಸಿದಿರಿ?' ಎಂದು ಕೇಳಿದರು. ಮರುದಿನ ರಾತ್ರಿ ಗಂಟಲೊಣಗಿತು. ಎಂದೂ ತಪ್ಪದ ಕಡೆಗಳಲ್ಲೆಲ್ಲ ತಪ್ಪಿದೆವು. ಉಸ್ತಾದರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅದರ ಮರುದಿನ ಅಸ್ರ್ ನಮಾಝಿನ ಬಳಿಕ ಖಾಲಿ ಮಸೀದಿಯಲ್ಲಿ ನಮ್ಮನ್ನು ಇಮಾಮರ ಜಾಗದಲ್ಲೇ ನಿಲ್ಲಿಸಿ, ತಾವು ಹಿಂದೆ ನಿಂತು, ಆ ರಾತ್ರಿ ಓದಬೇಕಾದ ಭಾಗವನ್ನು ಮೂರು ಬಾರಿ ಓದಿಸಿದರು. ಅಂದಿನ ರಾತ್ರಿ ನಾವು ತಪ್ಪಲಿಲ್ಲ ಎಂದೇನೂ ಇಲ್ಲ, ಒಂದು ಕಡೆ ತಪ್ಪಿದೆವು. ಆದರೆ ಹೆದರಲಿಲ್ಲ. ತಪ್ಪಿದರೆ ಹೇಳಿಕೊಡಲು ಹಿಂದೆ ಒಬ್ಬರು ಇದ್ದಾರೆ ಎಂಬುದು ಗೊತ್ತಿತ್ತು.

ತರಾವೀಹ್ ಓದಿಸುವ ಹಾಫಿಝರ ಹಿಂದೆ ಇನ್ನೊಬ್ಬ ಹಾಫಿಝರನ್ನು ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಅವರು ಹೇಳಿಕೊಡುವುದಕ್ಕೆ ಲುಕ್ಮಾ ಎನ್ನುತ್ತಾರೆ. ಲುಕ್ಮಾ ಎಂದರೆ ತುತ್ತು. ಹಸಿದವನ ಬಾಯಿಗೆ ತುತ್ತಿಡುವಂತೆ ಮರೆತವನಿಗೆ ಒಂದು ಶಬ್ದ ಕೊಡುವುದು. ಇಪ್ಪತ್ತು ವರ್ಷಗಳ ಬಳಿಕ ಆ ರಾತ್ರಿಗಳನ್ನು ನೆನೆದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒತ್ತಡದ ಗಳಿಗೆಯ ಸಮಾಧಾನ ಆ ಗಳಿಗೆಯಲ್ಲಿ ಹುಟ್ಟುವುದಿಲ್ಲ, ಮೊದಲೇ ಕೂಡಿಟ್ಟಿದ್ದು ಆಗ ಒದಗಿ ಬರುತ್ತದೆ. ಹಾಗೆಯೇ ಅದು ಒಬ್ಬನೇ ಗಳಿಸುವ ಸಂಪತ್ತಲ್ಲ, ಹಿಂದೆ ನಿಂತವರ ಪಾಲೂ ಅದರಲ್ಲಿರುತ್ತದೆ.

ರೋಣದ ಹುಡುಗ

ನಾವು ಸೇರಿರುವ ಈ ರೋಣದಲ್ಲಿಯೇ 1922ರ ಫೆಬ್ರವರಿ 4ರಂದು ಶಾಲಾ ಶಿಕ್ಷಕರೊಬ್ಬರ ಮನೆಯಲ್ಲಿ ಭೀಮಸೇನ ಜೋಶಿ ಜನಿಸಿದರು. ಅವರಿಗೆ ಸಂಗೀತದ ಹುಚ್ಚು ಹಿಡಿಸಿದ್ದು ಉಸ್ತಾದ್ ಅಬ್ದುಲ್ ಕರೀಮ್ ಖಾನರ ಒಂದು ಗ್ರಾಮಫೋನ್ ತಟ್ಟೆ. ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಹುಡುಗ ಗ್ವಾಲಿಯರ್, ಕೋಲ್ಕತಾ, ರಾಮ್‌ಪುರ ಎಂದೆಲ್ಲ ಅಲೆದನು. ಜಲಂಧರದಲ್ಲಿ ತಂದೆ ಅವನನ್ನು ಪತ್ತೆಹಚ್ಚಿ ಮರಳಿ ಕರೆತಂದರು. ಓಡಿಹೋದ ಮಗನನ್ನು ಹುಡುಕಿ ತಂದ ತಂದೆ ಏನು ಮಾಡಬಹುದಿತ್ತು ಎಂಬುದನ್ನು ನೀವೇ ಊಹಿಸಿ. 1936ರಲ್ಲಿ ಆ ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಉಸ್ತಾದರಿಂದ ರಾಮಭಾವು ಕುಂದಗೋಳಕರರಿಗೆ, ಅವರಿಂದ ಭೀಮಸೇನರಿಗೆ ಹರಿದು ಬಂದ ವಿದ್ಯೆ ಅದು. ವಿದ್ಯೆಗೆ ಜಾತಿ ಧರ್ಮಗಳ ಗೋಡೆ ಕಟ್ಟಬೇಕೆನ್ನುವವರು ಈ ಮಣ್ಣಿನ ಈ ಕತೆಯನ್ನು ಒಮ್ಮೆ ಓದಬೇಕು.

ಕುಂದಗೋಳದಲ್ಲಿ ಅವರು ಗುರುಮನೆಗೆ ನೀರು ಹೊತ್ತರು, ಚಾಕರಿ ಮಾಡಿದರು. ಗುರುಗಳು ನೂರಾರು ರಾಗಗಳನ್ನು ಕಲಿಸಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾ ಮುಂತಾದ ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿದ್ದಿ ತೀಡಿ ಹಾಡಿಸಿದರು. 1946ರ ಜನವರಿಯಲ್ಲಿ ಪುಣೆಯಲ್ಲಿ ಗುರುಗಳ ಅರುವತ್ತನೆಯ ಜನ್ಮದಿನದ ಸಮಾರಂಭ ನಡೆದಾಗ ಭೀಮಸೇನರಿಗಿನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಎದುರಿಗೆ ಸಂಗೀತ ಬಲ್ಲವರ ಸಭೆ. ಆ ಕಛೇರಿಯೇ ಅವರನ್ನು ನಾಡಿಗೆ ಪರಿಚಯಿಸಿತು. 2008ರಲ್ಲಿ ಭಾರತ ರತ್ನ ಘೋಷಣೆಯಾಯಿತು, 2011ರಲ್ಲಿ ಅವರು ನಿಧನರಾದರು. ಪುಣೆಯ ಆ ದಿನ ಅವರಿಗೆ ಎಷ್ಟು ಹೆದರಿಕೆಯಾಗಿತ್ತು ಎಂಬುದು ಮುಖ್ಯವಲ್ಲ. ಹೆದರಿಕೆ ಆಗಿದ್ದರೂ ಅದನ್ನು ಹೊರುವ ಬಲ ಕುಂದಗೋಳದ ರಿಯಾಝಿನಲ್ಲಿ ಸಿದ್ಧವಾಗಿತ್ತು ಎಂಬುದು ಮುಖ್ಯ.

ನರಗುಂದದ ಕಡೆಯ ರೈತರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಎರೆಮಣ್ಣು ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಮೋಡ ಕಾಣದಿದ್ದರೂ ಹಿಂಗಾರಿ ಜೋಳ, ಕಡಲೆ ಆ ತೇವದ ಮೇಲೆಯೇ ಬೆಳೆಯುತ್ತವೆ. ತೆನೆ ಕಟ್ಟುವ ಹೊತ್ತಿಗೆ ಮಳೆ ಬೇಡಿದರೆ ಬರುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನ ತನಕ ಓದುವವನು ಬೇಸಿಗೆಯಲ್ಲಿ ಬಿತ್ತನೆ ಮಾಡಿದ ರೈತನಂತೆ. ಓದಿದ್ದು ಮನಸ್ಸಿನಲ್ಲಿ ನೆಲೆಯಾಗಲು ನಿದ್ದೆ ಬೇಕು. ಆ ನಿದ್ದೆಯನ್ನೇ ಕೊಟ್ಟು ನಾಲ್ಕು ಪುಟ ಕೊಂಡವನಿಗೆ ಲಾಭವಿಲ್ಲ.

ಗದಗದ ಎಸೆತಗಾರ

ಇನ್ನೊಂದು ಉದಾಹರಣೆ ನಮ್ಮ ಜಿಲ್ಲಾ ಕೇಂದ್ರದ್ದು. ಸುನಿಲ್ ಜೋಶಿ ಗದಗದವರು. ಬಾಲ್ಯದಲ್ಲಿ ಕ್ರಿಕೆಟ್ ಅಭ್ಯಾಸಕ್ಕಾಗಿ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ, ಮರಳಿ ಬಂದು ಶಾಲೆಗೆ ಹಾಜರಾಗುತ್ತಿದ್ದವರು. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದಂತಹ ಬಲಿಷ್ಠ ತಂಡದ ಎದುರು ಹತ್ತು ಓವರ್ ಎಸೆದು, ಆರು ಓವರ್‌ಗಳಲ್ಲಿ ಒಂದು ರನ್ನನ್ನೂ ಕೊಡದೆ, ಒಟ್ಟು ಆರೇ ರನ್ನಿಗೆ ಐದು ವಿಕೆಟ್ ಪಡೆದರು. ಇದು ಎಲ್ಲರಿಗೂ ನೆನಪಿರುವ ದಿನ.

ಆದರೆ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಅದರ ಮರುವರ್ಷದ ಪಂದ್ಯದಿಂದ. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊತ್ತಮೊದಲ ಟೆಸ್ಟ್ ಆಡಿತು. ಮೊದಲ ಇನ್ನಿಂಗ್ಸಿನಲ್ಲಿ ಆ ತಂಡ 400 ರನ್ ಬಾರಿಸಿತು. ಜೋಶಿಯವರಿಗೆ ಐದು ವಿಕೆಟ್ ಸಿಕ್ಕಿತಾದರೂ ಅದಕ್ಕಾಗಿ ಕೊಟ್ಟ ರನ್ 142. ಆರು ರನ್ನಿಗೆ ಐದು ವಿಕೆಟ್ ಪಡೆದ ಕೈ ಅದೇ, ಎಸೆತವೂ ಅದೇ. ಅವರು ಎಸೆಯುವುದನ್ನು ಬಿಡಲಿಲ್ಲ. ಬಳಿಕ ಬ್ಯಾಟ್ ಹಿಡಿದು 92 ರನ್ ಗಳಿಸಿದರು, ಎರಡನೆಯ ಇನ್ನಿಂಗ್ಸಿನಲ್ಲಿ 27 ರನ್ನಿಗೆ ಮೂರು ವಿಕೆಟ್ ಪಡೆದರು. ಭಾರತ ಗೆದ್ದಿತು, ಅವರು ಪಂದ್ಯಶ್ರೇಷ್ಠರಾದರು. ಮೊದಲ ದಿನ ಗಣಿತದ ಪರೀಕ್ಷೆ ಕೆಟ್ಟಿತೆಂದು ವಿಜ್ಞಾನದ ಪರೀಕ್ಷೆಯನ್ನೂ ಕೆಡಿಸಿಕೊಳ್ಳುವ ಮಗನೇ, ಮಗಳೇ, ಈ ಲೆಕ್ಕವನ್ನು ನೆನಪಿಡಿ. ಮುಗಿದ ಪತ್ರಿಕೆಯ ಉತ್ತರಗಳನ್ನು ಶಾಲೆಯ ಗೇಟಿನ ಬಳಿ ನಿಂತು ಗೆಳೆಯರೊಂದಿಗೆ ತಾಳೆ ನೋಡಬೇಡಿ. ಎಸೆದ ಚೆಂಡು ಕೈಗೆ ಮರಳುವುದಿಲ್ಲ.

ಹಾಸಿನ ಬಿಗಿ

ಹಾಗಾದರೆ ಒತ್ತಡವೇ ಕೆಟ್ಟದ್ದೇ? ಅಲ್ಲ. ಗಜೇಂದ್ರಗಡದ ನೇಕಾರರನ್ನು ಕೇಳಿ ನೋಡಿ. ಮಗ್ಗದ ಹಾಸು ಸಡಿಲವಾದರೆ ಸೀರೆ ಹದವಾಗಿ ಬರುವುದಿಲ್ಲ, ಅತಿಯಾಗಿ ಬಿಗಿದರೆ ನೂಲೇ ಕಡಿದುಹೋಗುತ್ತದೆ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ ಇದನ್ನೇ ಹೇಳಿದರು. ಕೆಲಸ ಕಠಿಣವಾದಷ್ಟೂ ಅತಿಯಾದ ಉದ್ರೇಕ ಕಲಿಕೆಯನ್ನು ಕೆಡಿಸುತ್ತದೆ, ಹದವಾದ ಉದ್ರೇಕ ನೆರವಾಗುತ್ತದೆ.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ರೋಗವಲ್ಲ. ದೇಹದಲ್ಲಿ ಅಡ್ರಿನಲಿನ್ ಸ್ರವಿಸುತ್ತದೆ, ದೇಹ ಕೆಲಸಕ್ಕೆ ಸಿದ್ಧವಾಗುತ್ತದೆ. ಅದನ್ನು 'ನನಗೆ ಏನೋ ಆಗುತ್ತಿದೆ' ಎಂದು ತಿಳಿದವನು ಇನ್ನಷ್ಟು ಹೆದರುತ್ತಾನೆ. 'ನನ್ನ ದೇಹ ಸಿದ್ಧವಾಗುತ್ತಿದೆ' ಎಂದು ತಿಳಿದವನು ಪೆನ್ನು ಹಿಡಿಯುತ್ತಾನೆ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಐದಾರು ಬಾರಿ ಹೀಗೆ ಮಾಡಿದರೆ ಎದೆಬಡಿತ ತಗ್ಗುತ್ತದೆ. ಪ್ರಶ್ನೆಪತ್ರಿಕೆ ಓದಲು ಹದಿನೈದು ನಿಮಿಷ ಕೊಡುತ್ತಾರೆ. ಅದನ್ನು ಓದಲಿಕ್ಕೇ ಬಳಸಿ. ಗೊತ್ತಿರುವ ಪ್ರಶ್ನೆಯಿಂದ ಬರೆಯಲು ತೊಡಗಿ. ನೆನಪಾಗದ ಉತ್ತರದ ಎದುರು ಕುಳಿತು ಕಾಯಬೇಡಿ, ಜಾಗ ಬಿಟ್ಟು ಮುಂದೆ ಹೋಗಿ. ಬಲವಂತಕ್ಕೆ ಬಾರದ ನೆನಪು ಮುಂದಿನ ಪ್ರಶ್ನೆ ಬರೆಯುವಾಗ ತಾನಾಗಿ ಬರುವುದುಂಟು.

ಓದುವ ಕ್ರಮದ ಬಗ್ಗೆಯೂ ಒಂದು ಮಾತು. ನಮ್ಮ ಮದ್ರಸಗಳ ಹಿಫ್ಝ್ ತರಗತಿಯಲ್ಲಿ ಹೊಸ ಪಾಠ, ಕಳೆದ ಕೆಲವು ದಿನಗಳ ಪಾಠ, ಹಳೆಯ ಪಾಠ ಎಂದು ಮೂರನ್ನೂ ದಿನಾ ಪುಸ್ತಕ ಮುಚ್ಚಿ ಉಸ್ತಾದರಿಗೆ ಒಪ್ಪಿಸಬೇಕಾಗುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಇದರ ಬೆಲೆಯನ್ನು ಅಳೆದು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ಬಳಿಕ ಹೆಚ್ಚು ನೆನಪಿತ್ತು. ಆದರೆ ಒಂದು ವಾರದ ಬಳಿಕ ಹೆಚ್ಚು ನೆನಪಿದ್ದದ್ದು ಪುಸ್ತಕ ಮುಚ್ಚಿ ನೆನೆದು ಬರೆದವರಿಗೆ. ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಮನೆಯಲ್ಲಿ ಬರೆಯಿರಿ. ತಪ್ಪುಗಳೆಲ್ಲ ಅಲ್ಲಿಯೇ ಆಗಲಿ. ಖಾಲಿ ಮಸೀದಿಯಲ್ಲಿ ನಮ್ಮ ಉಸ್ತಾದರು ಮಾಡಿಸಿದ್ದೂ ಇದನ್ನೇ.

ಸಾಲದ ಧೈರ್ಯ

2024ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. 2023ರಲ್ಲಿ ಶೇ. 83.89ರಷ್ಟಿದ್ದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು. ಇಳಿಕೆಗೆ ಈ ನಿಗಾ ಕೂಡ ಕಾರಣವೆಂದು ಆಗ ಎಲ್ಲೆಡೆ ಚರ್ಚೆಯಾಯಿತು. 'ಯಾರಾದರೂ ತೋರಿಸುತ್ತಾರೆ' ಎಂಬ ಭರವಸೆಯ ಮೇಲೆ ನಿಂತ ಧೈರ್ಯ ಸಾಲದ ಧೈರ್ಯ. ಕ್ಯಾಮರಾ ಬಂದೊಡನೆ ಅದು ಓಡಿಹೋಗುತ್ತದೆ. ಮಗುವಿಗೆ ನಕಲು ಚೀಟಿ ತಲುಪಿಸಲು ಕಾಂಪೌಂಡಿನ ಸುತ್ತ ಅಲೆದಾಡಿದ ಅಣ್ಣಂದಿರು, ಮಾವಂದಿರು ನಮ್ಮ ಸಮುದಾಯದಲ್ಲಿ ಇರಲೇ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆವೇ? ಅದು ಲುಕ್ಮಾ ಅಲ್ಲ, ವಿಷದ ತುತ್ತು.

ಒತ್ತಡ ಎಲ್ಲರಿಗೂ ಸಮನಾಗಿ ಬರುವುದಿಲ್ಲ ಎಂಬುದೂ ನಿಜ. 2022ರಲ್ಲಿ ತಲೆವಸ್ತ್ರದ ವಿವಾದ ಎದ್ದಾಗ ನಮ್ಮ ಹೆಣ್ಣುಮಕ್ಕಳು ಪಾಠಕ್ಕಿಂತ ಮೊದಲು ಶಾಲೆಯ ಗೇಟನ್ನು ದಾಟುವ ಪರೀಕ್ಷೆಗೆ ಒಳಗಾದರು. ಕೆಲವರು ಓದನ್ನೇ ಬಿಟ್ಟರು. ಆ ನಷ್ಟಕ್ಕೆ ರಾಜಕೀಯ ಹೊಣೆಗಾರರಿದ್ದಾರೆ, ಅವರನ್ನು ಕೇಳುತ್ತಲೇ ಇರಬೇಕು. ಆದರೆ ಅದರ ಮರುವರ್ಷ, 2023ರಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 600ಕ್ಕೆ 593 ಅಂಕ ಪಡೆದು ರಾಜ್ಯಕ್ಕೆ ಪ್ರಥಮಳಾದವಳು ಬೆಂಗಳೂರಿನ ಒಬ್ಬ ಮುಸ್ಲಿಮ್ ವಿದ್ಯಾರ್ಥಿನಿ. ಹೊರಗಿನ ಗದ್ದಲದ ನಡುವೆಯೂ ಅವಳು ಓದಿದಳು. ಅಂತಹ ಮಕ್ಕಳ ಹಿಂದೆ ಗಟ್ಟಿಯಾಗಿ ನಿಲ್ಲುವವರು ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆಯೇ?

ಹೆತ್ತವರಲ್ಲಿ ವಿನಂತಿ

ಹೆತ್ತವರೇ, ಈಗ ನಿಮ್ಮ ಸರದಿ. ಮಗು ಪರೀಕ್ಷೆ ಬರೆಯುವಾಗ ಹಿಂದಿನ ಸಾಲಿನಲ್ಲಿ ನಿಂತವರು ನೀವು. ನಮ್ಮ ತರಾವೀಹ್ ಕೆಟ್ಟದ್ದು ಮರೆವಿನಿಂದಲ್ಲ. ಮರೆವು ಎಲ್ಲರಿಗೂ ಬರುತ್ತದೆ. ಅದು ಕೆಟ್ಟದ್ದು ಏಕಕಾಲಕ್ಕೆ ಎದ್ದ ಹತ್ತಾರು ಧ್ವನಿಗಳಿಂದ, ನಮಾಝಿನ ಬಳಿಕದ ಆ ಒಂದು ಮಾತಿನಿಂದ. ನಿಮ್ಮ ಮನೆಯಲ್ಲಿ ಆಗುತ್ತಿರುವುದೂ ಅದೇ ಅಲ್ಲವೇ? ಅಬ್ಬಾ ಒಂದು ಹೇಳುತ್ತಾರೆ, ಚಾಚಾ ಇನ್ನೊಂದು ಹೇಳುತ್ತಾರೆ, ನೆರೆಮನೆಯ ಹುಡುಗನ ಅಂಕ ಊಟದ ಹೊತ್ತಿಗೆ ಬಂದು ಕುಳಿತುಕೊಳ್ಳುತ್ತದೆ. ಒಬ್ಬರು ಹೇಳಿ, ಮೆಲ್ಲಗೆ ಹೇಳಿ, ಎರಡೇ ಶಬ್ದ ಹೇಳಿ.

ನಮ್ಮ ಪಟ್ಟಣಗಳ ಮನೆಗಳು ಚಿಕ್ಕವು. ಒಂದೇ ಕೋಣೆಯಲ್ಲಿ ಹೊಲಿಗೆ ಯಂತ್ರ, ಟಿವಿ, ಅಡುಗೆ, ಓದು ಎಲ್ಲವೂ ನಡೆಯುತ್ತದೆ. ಬೇರೆ ಕೋಣೆ ಕಟ್ಟಿಕೊಡಲು ಎಲ್ಲರಿಂದ ಆಗದು. ಆದರೆ ರಾತ್ರಿ ಎರಡು ತಾಸು ಟಿವಿ ನಿಲ್ಲಿಸಲು ದುಡ್ಡು ಬೇಕಿಲ್ಲ. ಮಾರ್ಚ್‌ನಲ್ಲಿ ಮನೆಯಲ್ಲಿ ಮದುವೆ ಇಟ್ಟುಕೊಳ್ಳದಿರಲು ಯಾರ ಅಪ್ಪಣೆಯೂ ಬೇಕಿಲ್ಲ. ಮಗ ಓದುತ್ತಿದ್ದರೆ ಚಹಾ ಒಯ್ದು ಕೊಡುವ ಕೈ, ಅದೇ ತರಗತಿಯ ಮಗಳನ್ನು ಪುಸ್ತಕ ಬಿಡಿಸಿ ಪಾತ್ರೆ ತೊಳೆಯಲು ಕರೆಯುತ್ತದೆ. ಪರೀಕ್ಷೆ ಇಬ್ಬರಿಗೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಹೊರಗೆ ನ್ಯಾಯ ಕೇಳುವವರು ಮನೆಯೊಳಗೆ ಈ ನ್ಯಾಯವನ್ನು ಮೊದಲು ಕೊಡಬೇಕು.

ಫಲಿತಾಂಶದ ದಿನ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದಿರಬೇಕೆಂದು ಇಂದೇ ಯೋಚಿಸಿಡಿ. ಆ ಹೊತ್ತಿಗೆ ಯೋಚಿಸಿದರೆ ಕೋಪವೇ ಮಾತಾಡುತ್ತದೆ. ಸಹನೆಯ ಬೆಲೆ ಇರುವುದು ಆಘಾತದ ಮೊದಲ ಗಳಿಗೆಯಲ್ಲಿ. ದಿನಗಳು ಕಳೆದ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವರ್ಷ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶವನ್ನು 2024ರಲ್ಲಿ ಸರಕಾರವೇ ತಂದಿತು. ತಪ್ಪಿದವರಿಗೆ ಇನ್ನೊಂದು ಸರದಿ ಇರಬೇಕೆಂಬುದನ್ನು ಸರಕಾರ ಒಪ್ಪಿಕೊಂಡಿತು. ಮನೆಯವರು ಒಪ್ಪಿಕೊಳ್ಳಲಾರರೇ? ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಬದುಕುವುದೇ ಬೇಡ ಎಂಬ ಮಾತಾಡಿದರೆ 'ನಾಟಕ' ಎನ್ನಬೇಡಿ. ಪಕ್ಕದಲ್ಲಿ ಕುಳಿತು ಕೇಳಿ, ಒಂಟಿಯಾಗಿ ಬಿಡಬೇಡಿ, ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ, ಕನ್ನಡದಲ್ಲಿಯೇ, ಉಚಿತವಾಗಿ ಮಾತಾಡಬಹುದು.

ವಿದ್ಯಾರ್ಥಿಗಳೇ, ನಾಳೆ ಪರೀಕ್ಷಾ ಕೊಠಡಿಯೊಳಗೆ ನಿಮ್ಮೊಂದಿಗೆ ಯಾರೂ ಬರಲಾರರು. ಆದರೆ ಇಂದಿನಿಂದ ಅಲ್ಲಿಯ ತನಕ ಕೂಡಿಟ್ಟದ್ದೆಲ್ಲ ನಿಮ್ಮೊಂದಿಗೆ ಬರುತ್ತದೆ. ಮನೆಯಲ್ಲಿ ತಪ್ಪಿ ತಪ್ಪಿ ಬರೆದ ಉತ್ತರ, ಚೆನ್ನಾಗಿ ಮಾಡಿದ ನಿದ್ದೆ, ಅಮ್ಮೀ ಹೇಳಿದ ಒಂದು ಒಳ್ಳೆಯ ಮಾತು ನಿಮ್ಮ ಜೊತೆಗಿರುತ್ತವೆ. ಹೆತ್ತವರೇ, ಈ ಸಭೆಯಿಂದ ಮನೆಗೆ ಹೋದೊಡನೆ ಮಗುವಿಗೆ ಉಪದೇಶ ಮಾಡಬೇಡಿ. 'ನೀನು ತಪ್ಪಿದರೂ ನಾವು ನಿನ್ನ ಹಿಂದೆಯೇ ಇದ್ದೇವೆ' ಎಂದಷ್ಟೇ ಹೇಳಿ. ಹೇಳಿದ ಮೇಲೆ ಫಲಿತಾಂಶದ ದಿನ ಆ ಮಾತನ್ನು ಉಳಿಸಿಕೊಳ್ಳಿ.